ಸಿಂಧನೂರಿನಿಂದ ಸ್ಟೇಡಿಯಮ್ಮಿಗೆ: ಕ್ರಿಕೆಟ್ ಅಭಿಮಾನಿಯ ದೂರದ ದಾರಿ

ಜೇವರ್ಗಿಯಿಂದ ಹೊರಟು ಚಾಮರಾಜನಗರ ಮುಟ್ಟುವ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ರಾಯಚೂರು ಜಿಲ್ಲೆಯ ಮೂರು ಊರುಗಳು ಸಾಲಾಗಿ ಸಿಗುತ್ತವೆ. ಲಿಂಗಸುಗೂರು, ಮಸ್ಕಿ, ಸಿಂಧನೂರು. ಈ ತುದಿಯಿಂದ ಆ ತುದಿಗೆ 50 ಕಿ.ಮೀ. ಆಸುಪಾಸು. ಏಪ್ರಿಲ್–ಮೇ ತಿಂಗಳಲ್ಲಿ ಸಂಜೆ ಏಳೂವರೆ ಆಯಿತೆಂದರೆ ಈ ಮೂರೂ ಊರುಗಳ ಚಹಾದಂಗಡಿ, ಮೊಬೈಲ್ ಅಂಗಡಿ, ರೈಸ್ ಮಿಲ್ಲುಗಳಲ್ಲಿ ಕಿವಿಗೆ ಬೀಳುವುದು ಒಂದೇ ಪ್ರಶ್ನೆ: ‘ಸ್ಕೋರ್ ಎಷ್ಟಾತು?’ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಎರಡನೇ ಬೆಳೆಯ ಭತ್ತದ ಕಟಾವು ನಡೆಯುವುದೂ ಅದೇ ಹೊತ್ತಿಗೆ. ಗದ್ದೆಯ ಬದುವಿನ ಮೇಲೆ ನಿಂತವನ ಒಂದು ಕಣ್ಣು ಕಟಾವು ಯಂತ್ರದ ಮೇಲಿದ್ದರೆ ಇನ್ನೊಂದು ಮೊಬೈಲಿನ ಮೇಲಿರುತ್ತದೆ. ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಮೇಲೆ ಬಂದವರೂ ಮೊದಲು ಕೇಳುವುದು ಅದನ್ನೇ.

ಇಷ್ಟು ಹುಚ್ಚು ಇರುವ ಊರುಗಳಿಗೆ ದೊಡ್ಡ ಕ್ರಿಕೆಟ್ ಮೈದಾನ ಮಾತ್ರ ಬಲು ದೂರ. ಇಲ್ಲಿನ ಅಭಿಮಾನಿ ಒಮ್ಮೆ ಸ್ಟೇಡಿಯಮ್ಮಿನೊಳಗೆ ಕೂತು ಪಂದ್ಯ ನೋಡಬೇಕೆಂದರೆ ಬೆಂಗಳೂರು 350 ಕಿ.ಮೀ.ಗೂ ಹೆಚ್ಚು, ಹೈದರಾಬಾದ್ ಸುಮಾರು 300 ಕಿ.ಮೀ., ಹುಬ್ಬಳ್ಳಿ 200 ಕಿ.ಮೀ. ಆಸುಪಾಸು. ಎಲ್ಲಿಗೆ ಹೋದರೂ ಒಂದು ರಾತ್ರಿಯ ನಿದ್ದೆ, ಎರಡು ದಿನದ ಕೆಲಸ ಹೋದವೇ. ಆದರೂ ಹೋಗುವವರು ಹೋಗುತ್ತಲೇ ಇದ್ದಾರೆ. ಒಮ್ಮೆ ಹೋಗಿ ಬಂದವರಿಗೆ ಇನ್ನೊಂದು ಊರಿನ ಮೈದಾನ ನೋಡುವ ಆಸೆ ಹತ್ತುತ್ತದೆ.

ಮೂವತ್ತು ಮೈದಾನ ಸುತ್ತುವವರು

ಈ ಆಸೆ ನಮ್ಮಲ್ಲಿ ಈಗೀಗ ಚಿಗುರುತ್ತಿದ್ದರೆ ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳಲ್ಲಿ ಅದು ಬೆಳೆದು ಹೆಮ್ಮರವಾಗಿದೆ. ಅಲ್ಲಿನ ಮೇಜರ್ ಲೀಗ್‌ನಲ್ಲಿ ಇರುವುದು 30 ತಂಡಗಳು. ಬದುಕಿನಲ್ಲಿ ಒಮ್ಮೆಯಾದರೂ ಈ ಎಲ್ಲ ತಂಡಗಳ ತವರು ಮೈದಾನಗಳಲ್ಲಿ ಕೂತು ಪಂದ್ಯ ನೋಡಬೇಕು ಎಂದು ಹಟ ತೊಟ್ಟವರು ಅಲ್ಲಿ ಸಾವಿರಾರು ಮಂದಿ. ರಜೆ ಹಾಕಿ, ಕಾರು ಹತ್ತಿ, ಒಂದೊಂದೇ ಊರು ಮುಗಿಸಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋಗುತ್ತಾರೆ. ಕೆಲವು ಕುಟುಂಬಗಳಲ್ಲಿ ಅಪ್ಪ ಶುರು ಮಾಡಿದ ಪಟ್ಟಿಯನ್ನು ಮಕ್ಕಳು ಮುಗಿಸುವುದೂ ಉಂಟು.

ಇಷ್ಟು ಅಲೆಯುವುದಕ್ಕೆ ಆಟದ ನಿಯಮದಲ್ಲೇ ಕಾರಣವಿದೆ. ಬೇಸ್‌ಬಾಲ್‌ನಲ್ಲಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ಚೆಂಡೆಸೆಯುವವನ ಜಾಗದಿಂದ ಬ್ಯಾಟ್ ಹಿಡಿದವನಿಗೆ 60 ಅಡಿ 6 ಅಂಗುಲ. ಇವು ಎಲ್ಲ ಕಡೆಯೂ ಒಂದೇ. ಆದರೆ ಮೈದಾನದ ಹೊರಗೋಡೆ ಎಷ್ಟು ದೂರ, ಎಷ್ಟು ಎತ್ತರ, ಯಾವ ಆಕಾರ ಎಂಬುದು ಒಂದೊಂದು ಕಡೆ ಒಂದೊಂದು ಬಗೆ. 1912ರಲ್ಲಿ ಬಾಸ್ಟನ್‌ನಲ್ಲಿ ತೆರೆದ ಫೆನ್‌ವೇ ಪಾರ್ಕ್‌ನ ಎಡಬದಿಯಲ್ಲಿ 37 ಅಡಿ ಎತ್ತರದ ಹಸಿರು ಗೋಡೆಯಿದೆ. ಬೇರೆ ಕಡೆ ಹೋಮ್ ರನ್ ಆಗುವ ಹೊಡೆತ ಇಲ್ಲಿ ಗೋಡೆಗೆ ಬಡಿದು ಒಳಗೇ ಬೀಳಬಹುದು. 1914ರಲ್ಲಿ ಶಿಕಾಗೋದಲ್ಲಿ ಕಟ್ಟಿದ ರಿಗ್ಲಿ ಫೀಲ್ಡ್‌ನ ಇಟ್ಟಿಗೆ ಗೋಡೆಯ ತುಂಬ ಬಳ್ಳಿ ಹಬ್ಬಿದೆ. ಚೆಂಡು ಆ ಬಳ್ಳಿಯೊಳಗೆ ಸಿಕ್ಕಿಬಿದ್ದರೆ ಹೊಡೆದವನಿಗೆ ಎರಡು ಬೇಸ್ ಎಂಬುದು ಅಲ್ಲಿನ ಮೈದಾನದ ಸ್ವಂತ ನಿಯಮ. ಅಲ್ಲಿ ರಾತ್ರಿ ಆಟಕ್ಕೆ ದೀಪ ಬಂದದ್ದು 1988ರಲ್ಲಿ.

ಕ್ರಿಕೆಟ್ಟೂ ಇದೇ ಜಾತಿಯ ಆಟ. ಪಿಚ್ 22 ಗಜ, ಅದರಲ್ಲಿ ರಾಜಿಯಿಲ್ಲ. ಬೌಂಡರಿ ಗೆರೆ ಮಾತ್ರ ಪಿಚ್‌ನಿಂದ 65 ಗಜಕ್ಕೆ ಕಡಿಮೆಯಿಲ್ಲದೆ, 90 ಗಜ ಮೀರದೆ ಎಲ್ಲಿ ಬೇಕಾದರೂ ಇರಬಹುದು ಎನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ಮಣ್ಣು ಬೇರೆ, ಗಾಳಿ ಬೇರೆ, ಸಂಜೆಯ ಇಬ್ಬನಿ ಬೇರೆ. ಟಿವಿ ಪರದೆಯಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಕ್ಯಾಮೆರಾ ಎಲ್ಲ ಮೈದಾನಗಳನ್ನೂ ಒಂದೇ ಅಳತೆಯ ಚೌಕಟ್ಟಿಗೆ ಇಳಿಸಿಬಿಡುತ್ತದೆ. ಅಲ್ಲೇ ಹೋಗಿ ಕೂತಾಗಲೇ ಡೀಪ್ ಮಿಡ್‌ವಿಕೆಟ್‌ನಲ್ಲಿ ನಿಂತವನು ಒಂದು ಕ್ಯಾಚಿಗೆ ಎಷ್ಟು ದೂರ ಓಡಬೇಕು ಎಂಬುದು ಗೊತ್ತಾಗುವುದು.

ಚಿನ್ನಸ್ವಾಮಿ ಎಂಬ ಮೊದಲ ಮೆಟ್ಟಿಲು

ಸಿಂಧನೂರು–ಮಸ್ಕಿ–ಲಿಂಗಸುಗೂರಿನ ಬಹುತೇಕ ಅಭಿಮಾನಿಗಳ ಪಟ್ಟಿ ಶುರುವಾಗುವುದು ಬೆಂಗಳೂರಿನಿಂದ. ಬಹಳ ವರ್ಷ ಅಲ್ಲಿಗೆ ಹೋಗಲು ರಾತ್ರಿ ಬಸ್ಸೇ ಗತಿಯಾಗಿತ್ತು. ಗಿಣಿಗೇರಾದಿಂದ ಗಂಗಾವತಿ, ಕಾರಟಗಿ ದಾಟಿ ತೆವಳುತ್ತಾ ಬಂದ ರೈಲು ಮಾರ್ಗ ಕೊನೆಗೂ 2024ರಲ್ಲಿ ಸಿಂಧನೂರು ಮುಟ್ಟಿತು. ಕಾರಟಗಿಗೆ ಬರುತ್ತಿದ್ದ ಯಶವಂತಪುರದ ರಾತ್ರಿ ರೈಲು ಸಿಂಧನೂರಿನವರೆಗೂ ಬರತೊಡಗಿತು. ಲಿಂಗಸುಗೂರಿನವರದು ಇನ್ನೂ ಕಾಯುವ ಸರದಿ. ಆ ಊರಿನ ಮೇಲೆ ಹಾಯಬೇಕಾದ ಗದಗ–ವಾಡಿ ಮಾರ್ಗ 2025ರಲ್ಲಿ ಕುಷ್ಟಗಿಯವರೆಗೆ ಬಂದಿದೆ. ಮಸ್ಕಿಯವರಿಗೆ ಬಸ್ಸು, ಇಲ್ಲವೇ ಸಿಂಧನೂರಿಗೆ ಹೋಗಿ ರೈಲು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯೂ ಇಲ್ಲ.

ಕಬ್ಬನ್ ಪಾರ್ಕಿನ ಪಕ್ಕದ ಚಿನ್ನಸ್ವಾಮಿ ಮೈದಾನಕ್ಕೆ 1969ರಲ್ಲಿ ಅಡಿಗಲ್ಲು ಬಿತ್ತು. ಸತತ 15 ವರ್ಷ ರಣಜಿ ಟ್ರೋಫಿ ಗೆದ್ದು ಮೆರೆಯುತ್ತಿದ್ದ ಬಾಂಬೆಯನ್ನು 1974ರ ಸೆಮಿಫೈನಲ್‌ನಲ್ಲಿ ಕರ್ನಾಟಕ ಕೆಡವಿದ್ದು ಇಲ್ಲಿಯೇ. ಗುಂಡಪ್ಪ ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಬಾರಿಸಿದ, ಪ್ರಸನ್ನ ಅವರು ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಆ ಪಂದ್ಯದ ಕತೆಯನ್ನು ಹಳಬರು ಇಂದಿಗೂ ಹೇಳುತ್ತಾರೆ. ಅದೇ ವರ್ಷದ ನವೆಂಬರ್‌ನಲ್ಲಿ ಇಲ್ಲಿ ಮೊದಲ ಟೆಸ್ಟ್ ನಡೆಯಿತು. ವೆಸ್ಟ್ ಇಂಡೀಸ್‌ನ ಇಬ್ಬರು ಹೊಸ ಹುಡುಗರು ಆ ಪಂದ್ಯದಲ್ಲಿ ಪದಾರ್ಪಣೆ ಮಾಡಿದರು: ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್. ಮೈದಾನಕ್ಕೆ ಈಗಿರುವ ಹೆಸರು ಮಂಡ್ಯದಲ್ಲಿ ಹುಟ್ಟಿದ ವಕೀಲ, ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದ ಎಂ. ಚಿನ್ನಸ್ವಾಮಿ ಅವರದು.

ಇಲ್ಲಿ ಚೆಂಡು ಹಾರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ತುಸು ತೆಳು, ಬೌಂಡರಿಯೂ ಚಿಕ್ಕದು. 2013ರ ಏಪ್ರಿಲ್ 23ರಂದು ಐಪಿಎಲ್‌ನಲ್ಲಿ ಬೆಂಗಳೂರಿನ ಆರ್‌ಸಿಬಿ ತಂಡದ ಕ್ರಿಸ್ ಗೇಲ್ ಪುಣೆ ತಂಡದ ವಿರುದ್ಧ 66 ಎಸೆತಗಳಲ್ಲಿ 175 ರನ್ ಚಚ್ಚಿದ್ದು ಇಲ್ಲಿ. 2024ರ ಏಪ್ರಿಲ್ 15ರಂದು ಸನ್‌ರೈಸರ್ಸ್ ಹೈದರಾಬಾದ್ ತಂಡ ಆರ್‌ಸಿಬಿ ಬೌಲರ್‌ಗಳಿಗೆ 287 ರನ್ನಿನ ರುಚಿ ತೋರಿಸಿದ್ದೂ ಇಲ್ಲಿಯೇ. ಬೌಲರ್‌ಗಳ ಈ ಗೋಳು ಅಮೆರಿಕದಲ್ಲೂ ಇದೆ. ಸುಮಾರು 1,600 ಮೀಟರ್ ಎತ್ತರದ ಡೆನ್ವರ್ ನಗರದ ಕೂರ್ಸ್ ಫೀಲ್ಡ್‌ನಲ್ಲಿ ಹೋಮ್ ರನ್‌ಗಳ ಮಳೆ ತಡೆಯಲಾರದೆ 2002ರಿಂದ ಚೆಂಡುಗಳನ್ನು ತೇವಾಂಶ ಕಾಯುವ ಕೋಣೆಯೊಳಗಿಟ್ಟು ಆಮೇಲೆ ಆಟಕ್ಕೆ ತರುತ್ತಾರೆ. ಒಣ ಹವೆಯಲ್ಲಿ ಚೆಂಡು ಗಟ್ಟಿಯಾಗಿ ಹೆಚ್ಚು ಪುಟಿಯದಿರಲಿ ಎಂಬುದು ಅದರ ಲೆಕ್ಕ.

ಮಳೆಯ ವಿಷಯದಲ್ಲಿ ಮಾತ್ರ ಚಿನ್ನಸ್ವಾಮಿ ಬಲು ಜಾಣ. 2017ರಲ್ಲಿ ಹುಲ್ಲಿನಡಿಯಿಂದ ನೀರನ್ನು ಹೀರಿ ಹೊರಹಾಕುವ ಸಬ್‌ಏರ್ ಎಂಬ ಅಮೆರಿಕದ ವ್ಯವಸ್ಥೆ ಇಲ್ಲಿಗೆ ಬಂತು. ಕ್ರಿಕೆಟ್ ಮೈದಾನಕ್ಕೆ ಅದನ್ನು ಅಳವಡಿಸಿದ್ದು ಇದೇ ಮೊದಲು. ಜಡಿಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟ ಮತ್ತೆ ಶುರುವಾಗುವುದನ್ನು ನೋಡಿದ ದೂರದ ಊರಿನ ಅಭಿಮಾನಿಗೆ ಬಂದ ಬಸ್ ಚಾರ್ಜ್ ದಕ್ಕಿದಂತೆ. ಚಾವಣಿಯ ಮೇಲೆ ಸೌರಫಲಕಗಳನ್ನು ಹೊದಿಸಿದ್ದು 2015ರಲ್ಲಿ.

ಮೊದಲ ಸಲ ಹೋದವರಿಗೆ ಇವೆಲ್ಲಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿಯುವುದು ಪಂದ್ಯದ ದಿನದ ಸರತಿ. ಟಿಕೆಟ್ ಸಿಗುವುದೇ ಒಂದು ಯುದ್ಧ. ಆನ್‌ಲೈನ್ ಮಾರಾಟ ತೆರೆದ ಕೆಲವೇ ಹೊತ್ತಿನಲ್ಲಿ ಕಡಿಮೆ ದರದವು ಖಾಲಿ. ನೆಟ್‌ವರ್ಕ್ ಕೈಕೊಟ್ಟರೆ ಮುಗಿಯಿತು. ಅದಕ್ಕೇ ನಾಲ್ಕೈದು ಗೆಳೆಯರು ನಾಲ್ಕೈದು ಮೊಬೈಲ್ ಹಿಡಿದು ಕೂರುವುದು ರೂಢಿ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರಿನ ಹುಡುಗನಿಗೆ ವಾರದ ಮೊದಲೇ ಫೋನ್ ಹೋಗಿರುತ್ತದೆ. ಮಟಮಟ ಮಧ್ಯಾಹ್ನವೇ ಎಂ.ಜಿ. ರಸ್ತೆಯ ಪಾದಚಾರಿ ಮಾರ್ಗದ ಮೇಲೆ ಕೆಂಪು ಜರ್ಸಿ, ಬಾವುಟ ಮಾರುವವರು ಹರಡಿ ಕೂತಿರುತ್ತಾರೆ. ಕೆನ್ನೆಗೆ ಬಣ್ಣ ಬಳಿಯುವ ಹುಡುಗರು ಅಡ್ಡಗಟ್ಟುತ್ತಾರೆ. ಗೇಟಿನಲ್ಲಿ ಬ್ಯಾಗು ನಡೆಯುವುದಿಲ್ಲ, ನೀರಿನ ಬಾಟಲಿ ನಡೆಯುವುದಿಲ್ಲ, ಪವರ್ ಬ್ಯಾಂಕ್ ನಡೆಯುವುದಿಲ್ಲ. ಊರಿನಿಂದ ನೇರವಾಗಿ ಬ್ಯಾಗು ಹೊತ್ತು ಬಂದವರು ಅದನ್ನು ಎಲ್ಲಿಡುವುದು ಎಂದು ಪರದಾಡುವುದು ಪ್ರತಿ ಪಂದ್ಯದ ದೃಶ್ಯ. ಅದನ್ನೆಲ್ಲ ದಾಟಿ ಮಂದ ಬೆಳಕಿನ ಮೆಟ್ಟಿಲು ಹತ್ತಿದರೆ ಥಟ್ಟನೆ ಎದುರಿಗೆ ದೀಪದ ಬೆಳಕಿನಲ್ಲಿ ಹಸಿರು. ಒಂದು ಕ್ಷಣ ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಹಿಂದಿನವರು ‘ನಡೀರಿ, ನಡೀರಿ’ ಎಂದು ತಳ್ಳುತ್ತಾರೆ.

ಮುಗಿದ ಮೇಲಿನ ಕಷ್ಟ ಬೇರೆ. ಏಳೂವರೆಯ ಪಂದ್ಯ ಮುಗಿಯುವಾಗ ರಾತ್ರಿ ಹನ್ನೊಂದೂವರೆ. ಅಷ್ಟು ಹೊತ್ತಿಗೆ ಊರ ಕಡೆಯ ರಾತ್ರಿ ಬಸ್ಸು, ರೈಲು ಬಹುತೇಕ ಹೊರಟುಹೋಗಿರುತ್ತವೆ. ಪಂದ್ಯದ ದಿನ ಮೆಟ್ರೊ ತಡವಾಗಿಯೂ ಓಡುವುದರಿಂದ ಮೆಜೆಸ್ಟಿಕ್ ಮುಟ್ಟಬಹುದು. ಅಲ್ಲಿಂದ ಮುಂದೆ ಬೆಳಗಿನ ಬಸ್ಸಿಗೆ ಕಾಯಬೇಕು, ಇಲ್ಲವೇ ನೆಂಟರ ಮನೆ ಬಾಗಿಲು ಬಡಿಯಬೇಕು.

ಜೂನ್ 4ರ ನಂತರ

ಈ ಮೈದಾನದ ಬಗ್ಗೆ ಬರೆಯುವಾಗ 2025ರ ಜೂನ್ ತಿಂಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಮೊದಲ ಬಾರಿ ಐಪಿಎಲ್ ಗೆದ್ದಿತು. ‘ಈ ಸಲ ಕಪ್ ನಮ್ದೇ’ ಎಂದು ವರ್ಷಗಟ್ಟಲೆ ಹೇಳಿ ಹೇಳಿ ನಗೆಪಾಟಲಿಗೀಡಾಗಿದ್ದ ಅಭಿಮಾನಿಗಳು ರಾಜ್ಯದ ಊರೂರಿನಲ್ಲೂ ಬೀದಿಗಿಳಿದು ಪಟಾಕಿ ಹೊಡೆದರು. ಮರುದಿನ ವಿಜಯೋತ್ಸವಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಜನ ಕಿಕ್ಕಿರಿದು, ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು.

ವಿಚಾರಣೆಗೆ ಸರ್ಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹಾ ಅವರ ಆಯೋಗ, ಭಾರಿ ಜನ ಸೇರುವ ಕಾರ್ಯಕ್ರಮಗಳಿಗೆ ಈ ಕ್ರೀಡಾಂಗಣದ ವಿನ್ಯಾಸವೇ ಸುರಕ್ಷಿತವಲ್ಲ ಎಂದು ಹೇಳಿತು. ಅದೇ ವರ್ಷದ ಮಹಿಳಾ ವಿಶ್ವಕಪ್‌ನ ಆತಿಥ್ಯ ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋಯಿತು. ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿ ಮೈಸೂರಿಗೆ ಸ್ಥಳಾಂತರವಾಯಿತು. ಮಹಾನಗರದ ನಟ್ಟನಡುವೆ, ರಸ್ತೆಗೆ ಅಂಟಿಕೊಂಡ ಗೇಟುಗಳಿರುವ ಮೈದಾನದಲ್ಲಿ ಸರತಿ ನಿಲ್ಲುವುದು ಪಾದಚಾರಿ ಮಾರ್ಗದ ಮೇಲೆಯೇ. ಊರಿನ ಜಾತ್ರೆಯಲ್ಲಿ ತೇರು ಎಳೆದು ಅಭ್ಯಾಸವಿರುವವರಿಗೂ ಅಲ್ಲಿನ ನೂಕುನುಗ್ಗಲು ಹೊಸದು. ತೇರಿನ ಬೀದಿಯಲ್ಲಿ ಪಕ್ಕಕ್ಕೆ ಸರಿಯಲು ಓಣಿಗಳಿರುತ್ತವೆ. ಇಲ್ಲಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ಬ್ಯಾರಿಕೇಡ್. ಕೈಯಲ್ಲಿ ಟಿಕೆಟ್ ಇಲ್ಲದೆ ‘ಸುಮ್ಮನೆ ನೋಡಿ ಬರೋಣ’ ಎಂದು ಗೇಟಿನ ಬಳಿ ಹೋಗಲೇಬಾರದು ಎಂಬುದು ಆ ದಿನ ಕಲಿಸಿದ ಪಾಠ.

ಹಳೆಯ ರಾಜಧಾನಿಯ ಮೈದಾನಗಳು

ರಾಯಚೂರು ಸೀಮೆಯವರಿಗೆ ಹೈದರಾಬಾದ್ ಬೇರೆ ರಾಜ್ಯದ ಊರು ಎನಿಸುವುದೇ ಇಲ್ಲ. 1956ರ ನವೆಂಬರ್ 1ರವರೆಗೆ ಇವರ ರಾಜಧಾನಿ ಅದೇ. ಲಿಂಗಸುಗೂರಂತೂ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಛಾವಣಿಯಾಗಿತ್ತು. 1905ರವರೆಗೆ ನಿಜಾಮರ ರಾಜ್ಯದಲ್ಲಿ ಒಂದು ಜಿಲ್ಲೆಗೆ ಕೇಂದ್ರವೂ ಆಗಿತ್ತು. ಆಸ್ಪತ್ರೆ, ವ್ಯಾಪಾರ, ಮದುವೆ ಜವಳಿಗೆ ಹೈದರಾಬಾದಿಗೆ ಹೋಗುವ ರೂಢಿ ಇಂದಿಗೂ ಇದೆ. ಕ್ರಿಕೆಟ್ ಆ ಪಟ್ಟಿಗೆ ಸೇರಿದ ಇನ್ನೊಂದು ನೆಪ.

ಲೆಕ್ಕ ಹಾಕಿದರೆ ಈ ಮೂರು ಊರುಗಳ ‘ತವರು ಮೈದಾನ’ದಲ್ಲಿ ಮೊದಲ ಟೆಸ್ಟ್ ನಡೆದದ್ದು ಬೆಂಗಳೂರಿಗಿಂತ 19 ವರ್ಷ ಮೊದಲು. 1955ರ ನವೆಂಬರ್‌ನಲ್ಲಿ, ರಾಯಚೂರು ಜಿಲ್ಲೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಅಲ್ಲಿನ ಫತೇ ಮೈದಾನದಲ್ಲಿ ಭಾರತ ನ್ಯೂಜಿಲೆಂಡ್ ವಿರುದ್ಧ ಟೆಸ್ಟ್ ಆಡಿತು. ಪಾಲಿ ಉಮ್ರಿಗರ್ 223 ರನ್ ಹೊಡೆದರು. ಟೆಸ್ಟ್‌ನಲ್ಲಿ ಭಾರತೀಯನೊಬ್ಬನ ಮೊದಲ ದ್ವಿಶತಕ ಅದು. 1687ರಲ್ಲಿ ಔರಂಗಜೇಬನ ಸೈನ್ಯ ಗೋಲ್ಕೊಂಡ ಗೆದ್ದ ನೆನಪಿಗೆ ಫತೇ ಮೈದಾನವೆಂದು ಹೆಸರಾದ ಆ ಬಯಲಿನಲ್ಲಿರುವ ಕ್ರೀಡಾಂಗಣ ಈಗ ಲಾಲ್ ಬಹದ್ದೂರ್ ಶಾಸ್ತ್ರಿ ಅವರ ಹೆಸರಿನಲ್ಲಿದೆ. 1999ರ ನವೆಂಬರ್ 8ರಂದು ಸಚಿನ್ ತೆಂಡೂಲ್ಕರ್ ಅಜೇಯ 186, ನಮ್ಮ ರಾಹುಲ್ ದ್ರಾವಿಡ್ 153 ಹೊಡೆದು 331 ರನ್ ಕೂಡಿಸಿದ್ದೂ ಇಲ್ಲೇ. ಏಕದಿನ ಪಂದ್ಯಗಳಲ್ಲಿ ಅಂದಿಗೆ ಅದು ವಿಶ್ವದಾಖಲೆ. 2015ರವರೆಗೆ ಯಾರೂ ಮುರಿಯಲಿಲ್ಲ.

2005ರ ನವೆಂಬರ್‌ನಿಂದ ದೊಡ್ಡ ಪಂದ್ಯಗಳು ಉಪ್ಪಲ್‌ನ ರಾಜೀವ್ ಗಾಂಧಿ ಕ್ರೀಡಾಂಗಣಕ್ಕೆ ಹೋದವು. ಚಿನ್ನಸ್ವಾಮಿಯ ಇಕ್ಕಟ್ಟು ಕಂಡವರಿಗೆ ಉಪ್ಪಲ್ ವಿಶಾಲವಾಗಿ ಕಾಣುತ್ತದೆ. ನಾಗೋಲ್ ಕಡೆಯ ಮೆಟ್ರೊದಲ್ಲಿ ‘ಸ್ಟೇಡಿಯಂ’ ಎಂಬ ಹೆಸರಿನ ನಿಲ್ದಾಣವೇ ಇದೆ. ರಾಯಚೂರಿನಿಂದ ಹೋದವರಿಗೆ ಇಲ್ಲಿ ಒಂದು ಇಬ್ಬಂದಿತನ. ಕೂರುವುದು ಸನ್‌ರೈಸರ್ಸ್ ಅಂಗಳದಲ್ಲಿ, ಮೈಮೇಲಿರುವುದು ಆರ್‌ಸಿಬಿ ಜರ್ಸಿ. ಆದರೆ ಹೀಗೆ ಬರುವವರು ಅವರೊಬ್ಬರೇ ಅಲ್ಲ. 2023ರ ಮೇ 18ರಂದು ಹೈದರಾಬಾದಿನ 186 ರನ್‌ಗಳನ್ನು ಬೆನ್ನಟ್ಟಿ ವಿರಾಟ್ ಕೊಹ್ಲಿ 63 ಎಸೆತಗಳಲ್ಲಿ ನೂರು ಹೊಡೆದಾಗ ಎದ್ದ ಕೂಗು ಕೇಳಿದವರಿಗೆ, ಯಾವ ತಂಡದ ತವರಿನಲ್ಲಿ ಪಂದ್ಯ ನಡೆಯುತ್ತಿದೆ ಎಂಬುದೇ ಮರೆತುಹೋಗಬೇಕು.

ಚೆಂಡಿನ ಸದ್ದು ಕೇಳುವ ಕಡೆ

ಐಪಿಎಲ್ ನೋಡಿ ಬಂದವರ ಪಟ್ಟಿ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನಿಜವಾದ ಆಟದ ಹುಚ್ಚಿನವರು ಮಾತ್ರ ಮುಂದಕ್ಕೆ ಹೋಗಿ ಹುಬ್ಬಳ್ಳಿಯ ರಾಜನಗರ ತಲುಪುತ್ತಾರೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಈ ಮೈದಾನದಲ್ಲಿ 2012ರಿಂದ ರಣಜಿ ಪಂದ್ಯಗಳು ನಡೆಯುತ್ತಿವೆ. ಸಿಂಧನೂರಿನಿಂದ ಹುಬ್ಬಳ್ಳಿಗೆ ರೈಲೂ ಇದೆ.

2024ರ ಜನವರಿಯಲ್ಲಿ ಕರ್ನಾಟಕ ಇಲ್ಲಿ ಪಂಜಾಬ್ ವಿರುದ್ಧ ಆಡಿತು. ದೇವದತ್ತ ಪಡಿಕ್ಕಲ್ 193, ಮನೀಷ್ ಪಾಂಡೆ 118. ಐಪಿಎಲ್‌ನಲ್ಲಿ ಸಾವಿರಾರು ರೂಪಾಯಿ ಕೊಟ್ಟರೂ ಬೊಂಬೆಗಳಷ್ಟು ಚಿಕ್ಕದಾಗಿ ಕಾಣುವ ಇಂಥ ಆಟಗಾರರನ್ನು ರಣಜಿಯಲ್ಲಿ ಹತ್ತಿರದಿಂದ ನೋಡಬಹುದು; ಪ್ರವೇಶ ಸಾಮಾನ್ಯವಾಗಿ ಉಚಿತ. ಇಲ್ಲಿ ಡಿಜೆ ಇಲ್ಲ, ಚಿಯರ್ ಗರ್ಲ್ಸ್ ಇಲ್ಲ. ಹಾಗಾಗಿ ಆಟದ ಸದ್ದುಗಳು ಕೇಳುತ್ತವೆ. ಚೆಂಡು ಬ್ಯಾಟಿನ ನಡುವಿಗೆ ತಗುಲಿದರೆ ಒಂದು ಸದ್ದು, ಅಂಚಿಗೆ ತಾಗಿದರೆ ಇನ್ನೊಂದು. ಕೀಪರ್ ಬೌಲರ್‌ಗೆ ಕನ್ನಡದಲ್ಲೇ ಹೇಳುವ ಬುದ್ಧಿಮಾತು, ರನ್ನಿಗೆ ಓಡುವಾಗ ‘ಬೇಡ, ಬೇಡ’ ಎನ್ನುವ ಕೂಗು, ಸ್ಲಿಪ್‌ನಲ್ಲಿ ನಿಂತವರ ನಗು ಎಲ್ಲವೂ ಬೌಂಡರಿಯವರೆಗೂ ಬರುತ್ತವೆ. ಊಟದ ಹೊತ್ತಿಗೆ ಹೊರಗೆ ಹೋಗಿ ಗಿರಮಿಟ್ಟು, ಮಿರ್ಚಿ ತಿಂದು ಬಂದು ಮತ್ತೆ ಕೂರಬಹುದು.

ರಣಜಿ ಪಂದ್ಯ ಎಷ್ಟು ಜನರನ್ನು ಸೆಳೆಯಬಲ್ಲದು ಎಂಬುದಕ್ಕೆ ಮೈಸೂರೇ ಸಾಕ್ಷಿ. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕ–ಮುಂಬೈ ಫೈನಲ್ ನಡೆಯಿತು. ವಿಶ್ವವಿದ್ಯಾಲಯದ ಮರಗಳ ನಡುವಿನ ಮೈದಾನ ಅದು, ದೊಡ್ಡ ಸ್ಟ್ಯಾಂಡುಗಳಿಲ್ಲ. ಜನ ಹುಲ್ಲಿನ ಮೇಲೆ ಕೂತರು, ಜಾಗ ಸಾಲದೆ ಮರ ಹತ್ತಿದರು. ಮುಂಬೈ 233 ಮತ್ತು 234. ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ ಬರೀ 130ಕ್ಕೆ ಕುಸಿದಿತ್ತು. ಗೆಲ್ಲಲು 338 ಬೇಕಿತ್ತು. 20 ವರ್ಷದ ಮನೀಷ್ ಪಾಂಡೆ 144 ಹೊಡೆದು ತಂಡವನ್ನು ಗೆಲುವಿನ ಹೊಸ್ತಿಲಿಗೆ ತಂದರು. 331ಕ್ಕೆ ಎಲ್ಲರೂ ಔಟ್. ಸೋತದ್ದು 6 ರನ್‌ಗಳಿಂದ. ಅಂದು ಆ ಮರಗಳ ಕೆಳಗೆ ಇದ್ದವರು ಆಮೇಲೆ ಎಷ್ಟು ಟ್ರೋಫಿ ಗೆದ್ದರೂ ಆ ಸೋಲನ್ನೇ ಹೆಚ್ಚು ಮಾತಾಡುತ್ತಾರೆ.

ಲಿಂಗಸುಗೂರು, ಮಸ್ಕಿ, ಸಿಂಧನೂರು ದಾಟುವ 150ಎ ಹೆದ್ದಾರಿಯೇ ಬಳ್ಳಾರಿ, ಹಿರಿಯೂರು, ಶ್ರೀರಂಗಪಟ್ಟಣಗಳ ಮೇಲೆ ಹಾದು ಮೈಸೂರಿಗೂ ಹೋಗುತ್ತದೆ. ದಾರಿ ಉದ್ದ, ಆದರೆ ಒಂದೇ ರಸ್ತೆ.

ಬೇಸ್‌ಬಾಲ್ ಅಂಗಳದಲ್ಲಿ ಕನ್ನಡಿಗ

ಸಮುದ್ರದಾಚೆಗೂ ಈ ಸುತ್ತಾಟ ನಡೆದಿದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಬೇಸ್‌ಬಾಲ್ ಅಂಗಳದಲ್ಲೇ ಕ್ರಿಕೆಟ್ ಸಿಕ್ಕ ಸಂದರ್ಭಗಳುಂಟು. 2015ರ ನವೆಂಬರ್‌ನಲ್ಲಿ ಸಚಿನ್ ಮತ್ತು ಶೇನ್ ವಾರ್ನ್ ನಿವೃತ್ತ ಆಟಗಾರರ ತಂಡ ಕಟ್ಟಿಕೊಂಡು ನ್ಯೂಯಾರ್ಕ್, ಹ್ಯೂಸ್ಟನ್, ಲಾಸ್ ಏಂಜಲೀಸ್‌ನ ಬೇಸ್‌ಬಾಲ್ ಕ್ರೀಡಾಂಗಣಗಳಲ್ಲಿ ಆಡಿದರು. ಬೇರೆಡೆ ಬೆಳೆಸಿದ ಪಿಚ್‌ಗಳನ್ನು ತಂದು ಮೈದಾನದ ನಡುವೆ ಇಳಿಸಿದ್ದರು.

ಡಲ್ಲಾಸ್ ಬಳಿಯ ಗ್ರ್ಯಾಂಡ್ ಪ್ರೈರಿಯ ಕತೆ ಇನ್ನೂ ಸ್ವಾರಸ್ಯದ್ದು. 2008ರಲ್ಲಿ ಬೇಸ್‌ಬಾಲ್‌ಗೆಂದು ಕಟ್ಟಿದ ಕ್ರೀಡಾಂಗಣವನ್ನು ಕ್ರಿಕೆಟ್‌ಗಾಗಿ ಮಾರ್ಪಡಿಸಿ 2023ರ ಜುಲೈನಲ್ಲಿ ಅಲ್ಲಿಂದಲೇ ಮೇಜರ್ ಲೀಗ್ ಕ್ರಿಕೆಟ್ ಶುರು ಮಾಡಿದರು. ಮರುವರ್ಷದ ಟಿ20 ವಿಶ್ವಕಪ್‌ನಲ್ಲಿ, ಜೂನ್ 6ರಂದು, ಅದೇ ಅಂಗಳದಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿ ಜಗತ್ತು ಹುಬ್ಬೇರಿಸುವಂತೆ ಮಾಡಿತು. ಆ ದಿನ 30 ರನ್‌ಗೆ 3 ವಿಕೆಟ್ ಕಿತ್ತ ಎಡಗೈ ಸ್ಪಿನ್ನರ್ ನೋಸ್ತುಷ್ ಕೆಂಜಿಗೆ. ಅಮೆರಿಕದ ಅಲಬಾಮಾದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಬೆಳೆದವರು. ಮನೆತನ ಚಿಕ್ಕಮಗಳೂರಿನ ಕಾಫಿ ತೋಟದವರದು.

ಎರಡೂ ಆಟ ನೋಡುವವರು ಹೇಳುವ ಒಂದು ವ್ಯತ್ಯಾಸ ಕೇಳಲು ಮಜವಾಗಿದೆ. ಬೇಸ್‌ಬಾಲ್‌ನಲ್ಲಿ ಪ್ರೇಕ್ಷಕರ ನಡುವೆ ಬಿದ್ದ ಚೆಂಡು ಹಿಡಿದವರ ಪಾಲು; ಮಕ್ಕಳು ಕೈಗವಸು ತೊಟ್ಟುಕೊಂಡೇ ಬಂದು ಕೂರುತ್ತಾರೆ. ಕ್ರಿಕೆಟ್‌ನಲ್ಲಿ ಚೆಂಡನ್ನು ವಾಪಸ್ ಎಸೆಯಲೇಬೇಕು. ಅದು ಸವೆದು ಹಳತಾಗುವುದೇ ಆಟದ ಭಾಗ.

ಮಿಸ್ಟಿಕ್ಸ್ ಎಲ್ಲಿ ಆಡುತ್ತದೆ?

ಇತ್ತ ಊರಿನಲ್ಲಿ ಆಟವಿಲ್ಲವೆಂದಲ್ಲ. ಬೆಳೆ ಕೊಯ್ದ ಬಯಲಿನಲ್ಲಿ, ಕಾಲೇಜು ಮೈದಾನದಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್‌ಗಳು ನಡೆಯುತ್ತಲೇ ಇರುತ್ತವೆ. ಸುಣ್ಣದ ಗೆರೆ, ಬಾಡಿಗೆ ಶಾಮಿಯಾನ, ಮೈಕು ಹಿಡಿದವನ ತಮಾಷೆಯ ಕಾಮೆಂಟರಿ. ದೊಡ್ಡ ಆಟಕ್ಕೆ ಏರಿದವರೂ ಈ ಸೀಮೆಯಲ್ಲಿದ್ದಾರೆ. ರೈಲ್ವೇಸ್ ಮತ್ತು ಕರ್ನಾಟಕ ತಂಡಗಳಿಗೆ ವರ್ಷಾನುಗಟ್ಟಲೆ ಆಧಾರವಾಗಿದ್ದ ಬ್ಯಾಟ್ಸ್‌ಮನ್ ಯರೇಗೌಡ ಹುಟ್ಟಿದ್ದು ರಾಯಚೂರಿನಲ್ಲಿ. ಭಾರತದ ಪರ ಆಡಿದ ರಾಜೇಶ್ವರಿ ಗಾಯಕವಾಡ್ ಪಕ್ಕದ ವಿಜಯಪುರದವರು. 2024ರಲ್ಲಿ ಆರ್‌ಸಿಬಿ ಹೆಣ್ಣುಮಕ್ಕಳು ಮಹಿಳಾ ಪ್ರೀಮಿಯರ್ ಲೀಗ್ ಗೆದ್ದಾಗ ಫೈನಲ್‌ನಲ್ಲಿ 12 ರನ್‌ಗೆ 4 ವಿಕೆಟ್ ಪಡೆದ ಶ್ರೇಯಾಂಕಾ ಪಾಟೀಲ್ ಕಲಬುರಗಿ ಮೂಲದವರು.

ರಾಜ್ಯ ಕ್ರಿಕೆಟ್ ಸಂಸ್ಥೆಯಲ್ಲಿ ರಾಯಚೂರು ವಲಯ ಎಂಬುದೇ ಇದೆ. ಮಹಾರಾಜ ಟ್ರೋಫಿಯಲ್ಲಿ ಈ ಭಾಗದ ಹೆಸರು ಹೊತ್ತ ಗುಲ್ಬರ್ಗ ಮಿಸ್ಟಿಕ್ಸ್ ಎಂಬ ತಂಡವೂ ಇದೆ. 2022ರ ಮೊದಲ ಟೂರ್ನಿಯನ್ನು ಗೆದ್ದದ್ದೂ ಅದೇ. ಆದರೆ 2022ರಿಂದ 2025ರವರೆಗಿನ ನಾಲ್ಕು ಟೂರ್ನಿಗಳಲ್ಲಿ ಅದು ಆಡಿದ್ದು ಬೆಂಗಳೂರು ಮತ್ತು ಮೈಸೂರಿನಲ್ಲಿ ಮಾತ್ರ. ಕಲ್ಯಾಣ ಕರ್ನಾಟಕದ ಅಭಿಮಾನಿ ತನ್ನ ಹೆಸರಿನ ತಂಡವನ್ನು ನೋಡಲೂ ರಾತ್ರಿ ಬಸ್ಸು ಹತ್ತಬೇಕು.

ಇದಕ್ಕೆ 40 ಸಾವಿರ ಆಸನಗಳ ಕಟ್ಟಡವೇನೂ ಬೇಕಿಲ್ಲ. ಮರಗಳ ನಡುವಿನ ಮೈಸೂರಿನ ಮೈದಾನ ರಣಜಿ ಫೈನಲ್ ನಡೆಸಿದೆ. ಗ್ರ್ಯಾಂಡ್ ಪ್ರೈರಿ 7 ಸಾವಿರದಷ್ಟು ಆಸನಗಳಲ್ಲೇ ವಿಶ್ವಕಪ್ ಪಂದ್ಯ ನಡೆಸಿದೆ. ಒಳ್ಳೆಯ ಟರ್ಫ್ ಪಿಚ್, ಡ್ರೆಸಿಂಗ್ ರೂಮು, ಹೆಣ್ಣುಮಕ್ಕಳಿಗೆ ಸರಿಯಾದ ಶೌಚಾಲಯ, ನೆರಳು, ಜನ ಸುಲಭವಾಗಿ ಒಳಹೊರಗೆ ಹೋಗಲು ಅಗಲವಾದ ದಾರಿ ಇದ್ದರೆ ಸಾಕು. ರಾಯಚೂರಿನಲ್ಲೋ ಕಲಬುರಗಿಯಲ್ಲೋ ಅಂಥದೊಂದು ಮೈದಾನ ಸಿದ್ಧಪಡಿಸಿ, ವರ್ಷಕ್ಕೆ ಒಂದು ರಣಜಿ ಪಂದ್ಯ, ಮಿಸ್ಟಿಕ್ಸ್ ತಂಡದ ಎರಡು ಪಂದ್ಯಗಳನ್ನು ಇತ್ತ ಕೊಡುವುದನ್ನು ಕ್ರಿಕೆಟ್ ಸಂಸ್ಥೆ ಮತ್ತು ಸರ್ಕಾರ ಈಗಲಾದರೂ ಯೋಚಿಸಬೇಕು. ಅದು ಆಗುವವರೆಗೆ ಓದುಗರು ಒಂದು ಕೆಲಸ ಮಾಡಬಹುದು: ಈ ಸಲ ರಣಜಿ ವೇಳಾಪಟ್ಟಿ ಪ್ರಕಟವಾದಾಗ ಹುಬ್ಬಳ್ಳಿಯ ಪಂದ್ಯ ಯಾವಾಗ ಎಂದು ಹುಡುಕಿ, ಮನೆಯ ಮಕ್ಕಳನ್ನೂ ಕರೆದುಕೊಂಡು ಒಂದು ದಿನ ಹೋಗಿ ಬನ್ನಿ.